ಹಳೆಯ ಎಚ್‌ಎಂಟಿ ವಾಚ್ ಸಿಕ್ಕಿದೆಯಾ? ಪರೀಕ್ಷಿಸಿ ನೋಡುವುದರಿಂದ ಹಿಡಿದು ಹಂಚಿಕೊಳ್ಳುವವರೆಗೆ

ಹಳೆಯ ವಸ್ತುಗಳ ಹವ್ಯಾಸ ನಮ್ಮಲ್ಲಿ ಬಹಳ ಜನರಿಗೆ ಶುರುವಾಗುವುದು ಮನೆಯ ಬೀರುವಿನಿಂದಲೇ. ರೇಷ್ಮೆ ಸೀರೆಗಳ ಕೆಳಗೆ, ಎಲ್‌ಐಸಿ ಕಾಗದಗಳ ಪಕ್ಕ, ಯಾವುದೋ ಡಬ್ಬಿಯಲ್ಲಿ ಒಂದು ನಿಂತುಹೋದ ವಾಚ್ ಇರುತ್ತದೆ. ಅಜ್ಜನದೋ, ದೊಡ್ಡಪ್ಪನದೋ. ಹತ್ತರಲ್ಲಿ ಎಂಟು ಸಲ ಅದು ಎಚ್‌ಎಂಟಿಯೇ ಆಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಕರ್ನಾಟಕದವರಿಗೆ ಇದು ನಮ್ಮೂರಿನ ವಾಚ್. ಕೇಂದ್ರ ಸರ್ಕಾರ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಶುರು ಮಾಡಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲೇ ವಾಚ್ ತಯಾರಿಕೆ ಆರಂಭವಾಯಿತು. ಆಮೇಲೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಬಂದವು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಕಾಂಚನ್, ಹೆಂಗಸರ ಸುಜಾತ ಹೀಗೆ ಕೋಟಿಗಟ್ಟಲೆ ವಾಚುಗಳು ದೇಶದ ಕೈಗೆ ಹೋದವು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸಂಗ್ರಹಿಸುವವರ ಸಂಖ್ಯೆ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ.

ಸಿಕ್ಕಿದ ವಾಚನ್ನು ಗೆಳೆಯರಿಗೆ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಆ ಅವಸರದಲ್ಲಿ ಮೊದಲು ಪಾಲಿಶ್ ಮಾಡಿಸಿ, ಡಯಲ್‌ಗೆ ಹೊಸ ಬಣ್ಣ ಹೊಡೆಸಿ, ಫಳಫಳ ಹೊಳೆಯುವಾಗ ಫೋಟೋ ತೆಗೆಯುತ್ತಾರೆ. ಅಷ್ಟರಲ್ಲಿ ಆ ವಾಚಿನಲ್ಲಿ ನೋಡಬೇಕಾದದ್ದೇ ಅಳಿಸಿಹೋಗಿರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಒರೆಸುವುದು, ರಿಪೇರಿ ಎಲ್ಲ ಕೊನೆಗೆ ಬರುತ್ತದೆ. ಕೇಳುವುದು, ನೋಡುವುದು, ಬರೆದಿಡುವುದು ಮೊದಲು.

ಹೆಜ್ಜೆ 1: ಮನೆಯವರನ್ನು ಕೇಳಿ, ಕೇಳಿದ್ದನ್ನು ಬರೆದಿಡಿ

ವಾಚ್ ಮನೆಯದೇ ಆಗಿದ್ದರೆ ಅದನ್ನು ಹಿರಿಯರ ಕೈಗೆ ಕೊಟ್ಟು ಸುಮ್ನೆ ಕೂತುಕೊಳ್ಳಿ. ಅವರಾಗಿಯೇ ಮಾತು ಶುರು ಮಾಡುತ್ತಾರೆ. "ಅಜ್ಜ, ಇದನ್ನ ಎಲ್ಲಿ ತಗೊಂಡ್ರಿ? ಯಾರು ಕೊಡಿಸಿದ್ದು? ರಿಪೇರಿ ಮಾಡ್ಸಿದ್ರಾ?" ಈ ಮೂರು ಪ್ರಶ್ನೆ ಸಾಕು. ರಿಪೇರಿಯ ವಿಷಯ ಮರೆಯದೆ ಕೇಳಿ. ಒಂದು ಸಲ ಮುಳ್ಳು ಬದಲಾಗಿದೆ, ಗ್ಲಾಸ್ ಒಡೆದು ಬೇರೆ ಹಾಕಿಸಿದ್ದಾರೆ ಎಂಬಂಥ ಮಾಹಿತಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಒಪ್ಪಿದರೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಆಮೇಲೆ ಕಾಗದ ಹುಡುಕಿ. ಗ್ಯಾರಂಟಿ ಕಾರ್ಡ್, ಅಂಗಡಿಯ ರಸೀದಿ, ಮೂಲ ಡಬ್ಬಿ ಯಾವುದು ಸಿಕ್ಕರೂ ತೆಗೆದಿಡಿ. ಕಾಗದ ಇಲ್ಲದಿದ್ದರೆ ಮದುವೆ ಆಲ್ಬಂ ತೆರೆಯಿರಿ. ಆಗೆಲ್ಲ ಮದುವೆಗೆ ಅಳಿಯನಿಗೆ ವಾಚ್ ಕೊಡುವುದು ರೂಢಿ. ಕಾಂಚನ್ ಅಂತೂ ಅದಕ್ಕೇ ಹೆಸರಾಗಿತ್ತು. ಧಾರೆಯ ಫೋಟೋದಲ್ಲಿ ಮದುಮಗನ ಎಡಗೈ ಕಾಣುತ್ತಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಡಯಲ್ ಬಿಳಿಯೋ ಕಪ್ಪೋ, ಚೈನ್ ಇತ್ತೋ ಚರ್ಮದ ಪಟ್ಟಿ ಇತ್ತೋ ಅನ್ನುವುದಾದರೂ ಗೊತ್ತಾಗುತ್ತದೆ. ಇಸವಿ ಹೇಳಲು ಮದುವೆ ಫೋಟೋದಷ್ಟು ಗಟ್ಟಿ ಸಾಕ್ಷಿ ಹವ್ಯಾಸಿಗೆ ಸುಲಭವಾಗಿ ಸಿಗುವುದಿಲ್ಲ.

ಹೆಜ್ಜೆ 2: ತಕ್ಷಣ ಕೀ ಕೊಡಬೇಡಿ

ಕೈಗೆ ಬಂದ ಕೂಡಲೇ ಕೀ ತಿರುಗಿಸುವುದು ಎಲ್ಲರ ಅಭ್ಯಾಸ. ಸ್ವಲ್ಪ ತಡೆಯಿರಿ. ವರ್ಷಗಟ್ಟಲೆ ಮಲಗಿದ್ದ ವಾಚಿನೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಕರಾವಳಿ, ಮಲೆನಾಡಿನ ಮನೆಯಾದರೆ ಉಕ್ಕಿನ ಭಾಗಗಳಿಗೆ ತುಕ್ಕೂ ಹಿಡಿದಿರಬಹುದು. ಬಲವಂತವಾಗಿ ಓಡಿಸಿದರೆ ಚಕ್ರಗಳ ಸಣ್ಣ ಅಚ್ಚುಗಳು ಸವೆಯುತ್ತವೆ.

ಮೊದಲು ಗ್ಲಾಸಿನ ಒಳಗೆ ಮಂಜು, ನೀರಿನ ಕಲೆ, ಕಂದು ಪುಡಿ ಇದೆಯಾ ನೋಡಿ. ಇದ್ದರೆ ಮುಟ್ಟದೆ ನೇರ ರಿಪೇರಿಯವರ ಬಳಿ ಹೋಗಿ. ಏನೂ ಇಲ್ಲದಿದ್ದರೆ ಮೂರು ನಾಲ್ಕು ಸುತ್ತು ಮೆಲ್ಲಗೆ ಕೀ ಕೊಟ್ಟು ಕಿವಿಗೆ ಹಿಡಿಯಿರಿ. ಜನತಾದಲ್ಲಿ ಸಾಮಾನ್ಯವಾಗಿ ಕಾಣುವ 0231 ಮಷೀನ್ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಶಬ್ದ ಒಂದೇ ಸಮನಾಗಿ ಬಂದರೆ ಒಳ್ಳೆಯ ಸೂಚನೆ. ಕುಂಟಿದ ಹಾಗೆ ಕೇಳಿದರೆ ಸರ್ವಿಸ್ ಬೇಕು. ಎರಡರಲ್ಲೂ ಅಲ್ಲಿಗೆ ನಿಲ್ಲಿಸಿ. ಪೂರ್ತಿ ಕೀ ಕೊಡುವುದು ಆಮೇಲೆ.

ತಾರೀಖು, ವಾರ ತೋರಿಸುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಮುಳ್ಳು ಇರುವಾಗ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಮುಳ್ಳನ್ನು ಆರರ ಹತ್ತಿರ ತಂದು ಆಮೇಲೆ ಬದಲಿಸಿ.

ಹೆಜ್ಜೆ 3: ಡಯಲ್ ಓದಿ

ಇಡೀ ಕೆಲಸದಲ್ಲಿ ಇದಕ್ಕೇ ಜಾಸ್ತಿ ಸಮಯ ಕೊಡಿ. ಎಚ್‌ಎಂಟಿಯ ಬೆಲೆ, ಗೌರವ ಎರಡೂ ನಿಂತಿರುವುದು ಡಯಲ್ ಮೇಲೆ. ಮೋಸ ಆಗುವುದೂ ಅಲ್ಲೇ.

ಹಳೆಯ ಎಚ್‌ಎಂಟಿಗಳ ಡಯಲ್ ಕೆರೆದು, ಹೊಸ ಬಣ್ಣ ಬಳಿದು, ಮತ್ತೆ ಅಕ್ಷರ ಅಚ್ಚು ಹಾಕಿ ಮಾರುವ ದೊಡ್ಡ ವ್ಯಾಪಾರವೇ ಇದೆ. ಹವ್ಯಾಸಿಗಳು ಇದನ್ನು ರೀಡಯಲ್ ಅನ್ನುತ್ತಾರೆ. ಪೈಲಟ್ ಮತ್ತು ಜನತಾಕ್ಕೆ ಬೇಡಿಕೆ ಜಾಸ್ತಿ, ಹಾಗಾಗಿ ರೀಡಯಲ್‌ಗಳೂ ಅವುಗಳಲ್ಲೇ ಜಾಸ್ತಿ. ಗುರುತಿಸಲು ಕಷ್ಟವೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದಿರಲಿ. ವಾಚ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ.

ಮೊದಲು ಹೆಸರಿನ ಅಕ್ಷರ ನೋಡಿ. ಎಚ್‌ಎಂಟಿ ಲಾಂಛನ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿದೆ. ಕಾರ್ಖಾನೆಯ ಅಚ್ಚಿನಲ್ಲಿ ಅಂಚು ಚೂಪಾಗಿ, ದಪ್ಪ ಎಲ್ಲ ಕಡೆ ಒಂದೇ ಆಗಿರುತ್ತದೆ. ರೀಡಯಲ್‌ನಲ್ಲಿ ಶಾಯಿ ಹರಡಿರುತ್ತದೆ, ಒಂದು ಅಕ್ಷರ ಮೇಲೆ ಒಂದು ಕೆಳಗೆ ಇರುತ್ತದೆ, ಮಾದರಿಯ ಹೆಸರು ನಡುಗೆರೆಯಿಂದ ಸ್ವಲ್ಪ ಜರುಗಿರುತ್ತದೆ.

ಆಮೇಲೆ ನಿಮಿಷದ ಗೆರೆಗಳು. 12ರಲ್ಲಿ, 3ರಲ್ಲಿ, 6ರಲ್ಲಿ, 9ರಲ್ಲಿ ಗಂಟೆಯ ಗುರುತು ಮತ್ತು ನಿಮಿಷದ ಗೆರೆ ಸರಿಯಾಗಿ ಎದುರುಬದುರಾಗಿವೆಯಾ? ಕೂತಿಲ್ಲ ಅಂದರೆ ಅನುಮಾನ ಪಡಿ. ಅಂಟಿಸಿದ ಲೋಹದ ಗುರುತುಗಳ ಬುಡದಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಅವುಗಳನ್ನು ತೆಗೆಯದೆ ಮೇಲೇ ಬಣ್ಣ ಬಳಿದಿದ್ದಾರೆ. ತಾರೀಖಿನ ಕಿಟಕಿ ಇರುವ ವಾಚಿನಲ್ಲಿ ಕಿಟಕಿಯ ಒಳ ಅಂಚನ್ನೂ ನೋಡಿ. ರೀಡಯಲ್ ಆಗಿದ್ದರೆ ಅಲ್ಲಿ ಬಣ್ಣ ಒರಟಾಗಿ ಸೋರಿರುತ್ತದೆ.

ಬಣ್ಣ ಇನ್ನೊಂದು ಸುಳಿವು. ಗಿಳಿಹಸಿರು, ಕಿತ್ತಳೆ, ಗುಲಾಬಿ ಡಯಲ್ ಮೇಲೆ ಧ್ವಜ, ಸೇನೆಯ ಲಾಂಛನ, ದೇವರ ಚಿತ್ರ ಇರುವ ಜನತಾ ಕಂಡರೆ ಅದು ಬಹುತೇಕ ಆಮೇಲೆ ಬಳಿದದ್ದೇ. ಎಚ್‌ಎಂಟಿ ಹೆಸರಿನ ಕೆಳಗೆ "ಸ್ವಿಸ್ ಮೇಡ್" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೆ ಇನ್ನೇನೂ ನೋಡುವುದು ಬೇಡ.

ಆದರೆ ಕಂಡರಿಯದ್ದೆಲ್ಲ ನಕಲಿ ಅಂತ ತೀರ್ಮಾನಿಸಬೇಡಿ. ಆರಂಭದ ವರ್ಷಗಳ ಕೆಲವು ವಾಚುಗಳ ಡಯಲ್ ಮೇಲೆ ಎಚ್‌ಎಂಟಿ ಜೊತೆ ಸಿಟಿಜನ್ ಹೆಸರೂ ಇದೆ. ದೇವನಾಗರಿ ಲಿಪಿಯ ಜನತಾ ಕಾರ್ಖಾನೆಯಿಂದಲೇ ಬಂದದ್ದು. ಗ್ಲಾಸಿನ ಮುಚ್ಚಳ ತೆರೆದುಕೊಂಡು, ಮುಳ್ಳು ಮತ್ತು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತ್ತು. ಅದು ಸಿಕ್ಕರೆ ನಿಮ್ಮ ಅದೃಷ್ಟ ಚೆನ್ನಾಗಿದೆ. "ಪ್ಯಾರಾ ಶಾಕ್" ಎಂಬ ಬರಹವೂ ಮೂಲದ್ದೇ. ಅದು ಸಿಟಿಜನ್ ರೂಪಿಸಿದ ಏಟು ತಡೆಯುವ ವ್ಯವಸ್ಥೆಯ ಹೆಸರು. ಬಿದ್ದಾಗ ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿಯದಂತೆ ಸಣ್ಣ ಸ್ಪ್ರಿಂಗ್ ಕಾಪಾಡುತ್ತದೆ.

ಇನ್ನು ಮುಳ್ಳುಗಳು. ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟಬೇಕು. ಗಂಟೆಯ ಮುಳ್ಳು ಗಂಟೆಯ ಗುರುತಿನ ಒಳತುದಿಯ ಹತ್ತಿರ ನಿಲ್ಲಬೇಕು. ತುಂಬಾ ಗಿಡ್ಡ ಅಥವಾ ಉದ್ದ ಇದ್ದರೆ ಬೇರೆ ವಾಚಿನಿಂದ ತಂದು ಹಾಕಿದ್ದಾರೆ. ಕತ್ತಲಲ್ಲಿ ಹೊಳೆಯುವ ಬಣ್ಣ ಮುಳ್ಳಿನ ಮೇಲೆ ಹೊಚ್ಚ ಹೊಸದು, ಡಯಲ್ ಮೇಲೆ ಹಳದಿ ತಿರುಗಿದೆ ಅಂದರೂ ಅದೇ ಕಥೆ. ಆ ಹಳೆಯ ಬಣ್ಣವನ್ನು ಯಾವ ಕಂಪನಿಯ ವಾಚಿನಲ್ಲೂ ಕೆರೆಯಲು ಹೋಗಬೇಡಿ. ಹಳೆಯ ಕಾಲದ ಕೆಲವು ಹೊಳೆಯುವ ಬಣ್ಣಗಳಲ್ಲಿ ವಿಕಿರಣ ಸೂಸುವ ವಸ್ತು ಇರುತ್ತಿತ್ತು. ಅದರ ಪುಡಿ ಮೂಗಿಗೆ ಹೋಗಬಾರದು.

ಮೂಲ ಡಯಲ್ ಹೇಗಿರುತ್ತದೆ ಎಂಬುದು ಕಣ್ಣಿಗೆ ರೂಢಿಯಾಗಬೇಕಾದರೆ ನಿಜವಾದವನ್ನು ನೋಡುತ್ತಲೇ ಇರಬೇಕು. ಬೆಂಗಳೂರಿನಲ್ಲಿರುವವರು ಜಾಲಹಳ್ಳಿ ಕಡೆಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಮತ್ತು ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಸಾಲಾಗಿ ಇಟ್ಟಿರುವ ವಾಚುಗಳ ಮುಂದೆ ನಿಧಾನವಾಗಿ ನಿಂತು ಅಕ್ಷರದ ದಪ್ಪ, ಮುಳ್ಳಿನ ಆಕಾರ ಗಮನಿಸಿ. ಪುಸ್ತಕ ಓದಿ ಬರದ ತಿಳಿವಳಿಕೆ ಅಲ್ಲಿ ಬರುತ್ತದೆ.

ಹೆಜ್ಜೆ 4: ಹಿಂದಿನ ಮುಚ್ಚಳ ಮತ್ತು ಒಳಗಿನ ಮಷೀನ್

ಹಿಂದಿನ ಮುಚ್ಚಳ ಎರಡು ಥರ. ತಿರುಪಿನದು ಒಂದು, ಒತ್ತಿ ಕೂರಿಸಿದ್ದು ಇನ್ನೊಂದು. ಅಂಚಿನಲ್ಲಿ ಸುತ್ತ ಕಚ್ಚುಗಳಿದ್ದರೆ ತಿರುಪಿನದು. ಒಂದೇ ಕಡೆ ಸಣ್ಣ ಸಂದು ಇದ್ದರೆ ಒತ್ತಿದ್ದು. ಅಡುಗೆಮನೆಯ ಚಾಕು ತರಬೇಡಿ. ಅದು ಜಾರಿ ಕೇಸಿನ ಮೇಲೆ ಗೀರು ಬೀಳುತ್ತದೆ, ಕೆಲವೊಮ್ಮೆ ಬೆರಳಿಗೂ. ಸರಿಯಾದ ಸಲಕರಣೆ ಇಲ್ಲದಿದ್ದರೆ ರಿಪೇರಿಯವರ ಮುಂದೆಯೇ ತೆರೆಸಿ, ಅಲ್ಲೇ ಫೋಟೋ ತೆಗೆದುಕೊಳ್ಳಿ.

ಮಷೀನ್ ಮೇಲೆ ಎಚ್‌ಎಂಟಿ ಹೆಸರು ಮತ್ತು ಮಷೀನಿನ ಸಂಖ್ಯೆ ಇರುತ್ತವೆ. ಅದನ್ನು ಡಯಲ್ ಜೊತೆ ತಾಳೆ ನೋಡಿ. ಜನತಾದಂಥ ಕೀ ಕೊಡುವ ವಾಚುಗಳಲ್ಲಿ 17 ಜ್ಯುವೆಲ್. ಕಾಂಚನ್‌ನಂಥ ಆಟೋಮ್ಯಾಟಿಕ್‌ನಲ್ಲಿ 21 ಜ್ಯುವೆಲ್, ಜೊತೆಗೆ ಕೈ ಅಲ್ಲಾಡಿದಾಗ ತಿರುಗುವ ಅರ್ಧಚಂದ್ರದ ಆಕಾರದ ತೂಕ. ಡಯಲ್ ಆಟೋಮ್ಯಾಟಿಕ್ ಅನ್ನುತ್ತದೆ, ಒಳಗೆ ಆ ತೂಕವೇ ಇಲ್ಲ ಅಂದರೆ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆ. ಜ್ಯುವೆಲ್ ಅಂದರೆ ಕೃತಕ ಮಾಣಿಕ್ಯದ ಸಣ್ಣ ಕಲ್ಲು. ಚಕ್ರದ ಅಚ್ಚು ಸವೆಯದಿರಲಿ ಅಂತ ಹಾಕುತ್ತಾರೆ. ಬಿಡಿಸಿ ಮಾರಿದರೆ ದುಡ್ಡು ಬರುತ್ತದೆ ಎಂಬ ಮಾತನ್ನು ನಂಬಬೇಡಿ.

ಮುಚ್ಚಳದ ಒಳಬದಿಯನ್ನೂ ನೋಡಿ. ಹಿಂದಿನ ರಿಪೇರಿಯವರು ಸೂಜಿಯಂಥದ್ದರಲ್ಲಿ ಗೀಚಿದ ಸಂಖ್ಯೆ, ತಾರೀಖು ಅಲ್ಲಿ ಇರಬಹುದು. ಹೊರಬದಿಯಲ್ಲಿ ಕೆಲವೊಮ್ಮೆ "25 ವರ್ಷಗಳ ಸೇವೆಗೆ" ಎಂಬಂಥ ಕೆತ್ತನೆ ಇರುತ್ತದೆ. ಮಿಲ್ಲು, ಬ್ಯಾಂಕು, ಕಾರ್ಖಾನೆಗಳು ನೌಕರರಿಗೆ ಕೊಟ್ಟ ವಾಚುಗಳವು. ಕೆತ್ತನೆ ಇದ್ದರೆ ಬೆಲೆ ಕಡಿಮೆ ಅಂತ ಕೆಲವು ವ್ಯಾಪಾರಿಗಳು ಉಜ್ಜಿ ಅಳಿಸುತ್ತಾರೆ. ನನಗೆ ಅದು ತುಂಬಾ ಬೇಸರ ತರುವ ಕೆಲಸ. ಒಬ್ಬ ಮನುಷ್ಯನ ದುಡಿಮೆಗೆ ಉಳಿದಿದ್ದ ದಾಖಲೆ ಅದು. ಅಂಥದ್ದು ಸಿಕ್ಕರೆ ದಯವಿಟ್ಟು ಹಾಗೇ ಉಳಿಸಿ.

ಹೆಜ್ಜೆ 5: ಪೇಟೆಯಲ್ಲಿ ಕೊಳ್ಳುವಾಗ

ಬೆಂಗಳೂರಿನ ಸಂಡೆ ಬಜಾರ್, ಊರೂರಿನ ಗುಜರಿ ಅಂಗಡಿ, ಹಳೆಯ ವಾಚ್ ರಿಪೇರಿ ಅಂಗಡಿ ಈ ಮೂರರಲ್ಲಿ ನನ್ನ ಆಯ್ಕೆ ಯಾವತ್ತೂ ಕೊನೆಯದು. ಮೂವತ್ತು ನಲವತ್ತು ವರ್ಷದಿಂದ ಒಂದೇ ಕಡೆ ಕೂತು ಕೆಲಸ ಮಾಡಿದವರ ಡ್ರಾಯರಿನಲ್ಲಿ ಗಿರಾಕಿಗಳು ಬಿಟ್ಟುಹೋದ ವಾಚು, ಬಳಸದ ಮೂಲ ಬಿಡಿಭಾಗ ಎರಡೂ ಇರುತ್ತವೆ. ಗೌರವದಿಂದ ಮಾತಾಡಿಸಿ. ಮೊದಲ ದಿನವೇ ಚೌಕಾಸಿಗೆ ಇಳಿಯಬೇಡಿ. ಒಂದು ಪಟ್ಟಿ ಹಾಕಿಸಿಕೊಂಡು ಬಂದರೂ ಪರಿಚಯ ಬೆಳೆಯುತ್ತದೆ.

ಬೀದಿ ಬಜಾರಿನಲ್ಲಿ ಬೆಳಗ್ಗೆ ಬೇಗ ಹೋಗಿ, ಮಸೂರ ಜೇಬಿನಲ್ಲಿರಲಿ. "ಅಣ್ಣ, ಹಿಂದೆ ತೆಗೆದು ಮಷೀನ್ ತೋರಿಸ್ತೀರಾ?" ಅಂತ ಕೇಳಿ. ತೋರಿಸಲು ಒಪ್ಪದಿದ್ದರೆ ಒಳಗೆ ಏನೂ ಸರಿಯಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಸರ್ವಿಸ್ ಖರ್ಚನ್ನು ಮನಸ್ಸಿನಲ್ಲೇ ಕೂಡಿಸಿ, ಆಮೇಲೆ ಬೆಲೆ ಹೇಳಿ. "ಅಪರೂಪದ್ದು ಸಾರ್, ಇನ್ನೆಲ್ಲೂ ಸಿಗಲ್ಲ" ಅನ್ನುವ ಮಾತಿಗೆ ಕರಗಬೇಡಿ. ಜನತಾ ಕೋಟ್ಯಂತರ ಕೈಗಳಿಗಾಗಿ ಮಾಡಿದ ವಾಚ್. ಅದರಲ್ಲಿ ಅಪರೂಪ ಅಂದರೆ ಏನೂ ಬದಲಾಗದೆ ಉಳಿದಿರುವುದು.

ಹೆಜ್ಜೆ 6: ಸರ್ವಿಸ್ ಮಾಡಿಸಿ, ಆದರೆ ಏನು ಬೇಡ ಅಂತ ಮೊದಲೇ ಹೇಳಿ

ಸರ್ವಿಸ್ ಅಂದರೆ ಮಷೀನ್ ಪೂರ್ತಿ ಬಿಚ್ಚಿ, ತೊಳೆದು, ಬೇಕಾದ ಕಡೆ ಹೊಸ ಎಣ್ಣೆ ಕೊಟ್ಟು ಜೋಡಿಸುವುದು. ಮೇಲಿನಿಂದ ಒಂದು ಹನಿ ಎಣ್ಣೆ ಬಿಟ್ಟು ಕೊಟ್ಟರೆ ಅದು ಸರ್ವಿಸ್ ಅಲ್ಲ. ಹಳೆಯ ಕೊಳೆಯ ಜೊತೆ ಸೇರಿ ಇನ್ನೂ ಅಂಟಾಗುತ್ತದೆ.

ಕೊಡುವಾಗಲೇ ಚೀಟಿಯಲ್ಲಿ ಬರೆದು ಕೊಡಿ: ಡಯಲ್ ಮುಟ್ಟಬೇಡಿ, ಕೇಸ್ ಬಫ್ ಮಾಡಬೇಡಿ, ತೆಗೆದ ಹಳೆಯ ಭಾಗ ಎಲ್ಲ ವಾಪಸ್ ಕೊಡಿ. ಬಫ್ ಮಾಡಬೇಡಿ ಅನ್ನುವುದಕ್ಕೆ ಕಾರಣ ಇದೆ. ಬಹಳಷ್ಟು ಎಚ್‌ಎಂಟಿ ಕೇಸುಗಳ ಮೇಲ್ಭಾಗ ಹಿತ್ತಾಳೆಯಂಥ ಲೋಹ, ಅದರ ಮೇಲೆ ತೆಳುವಾದ ಕ್ರೋಮ್ ಅಥವಾ ಚಿನ್ನದ ಲೇಪ. ಉಜ್ಜಿದರೆ ಲೇಪ ಹೋಗಿ ಹಳದಿ ಲೋಹ ಇಣುಕುತ್ತದೆ. ಪಟ್ಟಿ ಕೂರುವ ಕಾಲುಗಳ ಅಂಚೂ ಮೊಂಡಾಗುತ್ತದೆ. ಮತ್ತೆ ಅದನ್ನು ತರಲಾಗುವುದಿಲ್ಲ.

ಗ್ಲಾಸ್ ಮಾತ್ರ ಧೈರ್ಯವಾಗಿ ಬದಲಿಸಬಹುದು. ಅದು ಅಕ್ರಿಲಿಕ್, ಗೀರು ಬೀಳುವುದು ಸಹಜ. ಸಣ್ಣ ಗೀರುಗಳಾದರೆ ಮೆತ್ತನೆಯ ಬಟ್ಟೆಗೆ ಚೂರು ಬಿಳಿ ಟೂತ್‌ಪೇಸ್ಟ್ ಹಾಕಿ ಉಜ್ಜಿದರೂ ಎಷ್ಟೋ ಕಡಿಮೆಯಾಗುತ್ತವೆ. ಅಂಚಿನಿಂದ ಒಳಗೆ ಇಳಿಯದ ಹಾಗೆ ನೋಡಿಕೊಳ್ಳಿ.

ಸರ್ವಿಸ್ ಆದ ವಾಚ್ ಪೂರ್ತಿ ಕೀ ಕೊಟ್ಟರೆ ಒಂದು ದಿನಕ್ಕಿಂತ ಹೆಚ್ಚು ಓಡಬೇಕು. ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, ಒಂದು ವಾರ ಸಮಯ ಬರೆದಿಡಿ. ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡಲು ಶುರುವಾದರೆ ಅಯಸ್ಕಾಂತದ ಪ್ರಭಾವ ಆಗಿರಬಹುದು. ಮೊಬೈಲ್ ಕವರಿನ ಮ್ಯಾಗ್ನೆಟ್, ಸ್ಪೀಕರ್ ಇವೇ ಕಾರಣ. ದಿಕ್ಸೂಚಿ ಹತ್ತಿರ ಹಿಡಿದಾಗ ಅದರ ಮುಳ್ಳು ಅಲುಗಿದರೆ ಅನುಮಾನ ನಿಜ. ರಿಪೇರಿಯವರ ಬಳಿ ಕ್ಷಣದಲ್ಲಿ ಸರಿಹೋಗುತ್ತದೆ.

ಹೆಜ್ಜೆ 7: ಫೋಟೋ

ಸರ್ವಿಸ್‌ಗೆ ಕೊಡುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ತೆಗೆಯಿರಿ. ದುಬಾರಿ ಕ್ಯಾಮೆರಾ ಬೇಕಿಲ್ಲ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕೂತುಕೊಳ್ಳಿ, ಫ್ಲಾಶ್ ಆಫ್ ಮಾಡಿ. ಗ್ಲಾಸಿನಲ್ಲಿ ನಿಮ್ಮ ಮುಖ, ಫೋನು ಕಂಡರೆ ಕಪ್ಪು ಕಾಗದದಲ್ಲಿ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆಯಿರಿ. ಮುಳ್ಳುಗಳು ಹೆಸರನ್ನಾಗಲಿ ಕೆಳಗಿನ ಸಣ್ಣ ಬರಹವನ್ನಾಗಲಿ ಮುಚ್ಚದಂತೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿಕೊಳ್ಳಿ.

ಡಯಲ್ ನೇರವಾಗಿ, ಡಯಲ್ ಓರೆಯಾಗಿ, ಕೀ ಇರುವ ಪಕ್ಕ, ಹಿಂದಿನ ಮುಚ್ಚಳ, ಒಳಗಿನ ಮಷೀನ್, ಕಾಗದಪತ್ರ ಇಷ್ಟು ಬೇಕು. ಓರೆಯ ಫೋಟೋ ಬಿಡಬೇಡಿ. ಬಣ್ಣ ಉಬ್ಬಿದ್ದು, ಗುರುತು ಎದ್ದಿದ್ದು ಕಾಣುವುದು ಅದರಲ್ಲೇ. ಫಿಲ್ಟರ್ ಹಾಕಬೇಡಿ. ಡಯಲ್ ಕೆನೆಬಣ್ಣಕ್ಕೆ ತಿರುಗಿದ್ದರೆ ನೋಡುವವರಿಗೂ ಕೆನೆಬಣ್ಣವೇ ಕಾಣಬೇಕು.

ಹೆಜ್ಜೆ 8: ಜೊತೆಗೆ ಏನು ಬರೆಯಬೇಕು

"ಹೊಸ ವಾಚ್ ಸಿಕ್ತು, ಹೇಗಿದೆ?" ಅಂತ ಹಾಕಿದರೆ ಮೆಚ್ಚುಗೆ ಬರುತ್ತದೆ, ಅಷ್ಟೇ. ಯಾರಿಗೂ ಏನೂ ಕಲಿಯಲು ಸಿಗುವುದಿಲ್ಲ. ಮಾದರಿಗೆ ಹೀಗೆ ಬರೆಯಬಹುದು:

"ಎಚ್‌ಎಂಟಿ ಜನತಾ, ಕೀ ಕೊಡುವ ವಾಚ್, 17 ಜ್ಯುವೆಲ್, ಒಳಗೆ 0231. ಸೋದರಮಾವನದು. ಮೊದಲ ಸಂಬಳದಲ್ಲಿ ಹಾಸನದಲ್ಲಿ ಕೊಂಡದ್ದು ಎಂದು ಅವರೇ ಹೇಳಿದ್ದು, ರಸೀದಿ ಇಲ್ಲ. ಡಯಲ್ ಮೂಲದ್ದು, 4ರ ಹತ್ತಿರ ಕಲೆ ಇದೆ. ನಿಮಿಷದ ಮುಳ್ಳು ಗಿಡ್ಡ, ಬದಲಾಗಿರಬಹುದು. ಗ್ಲಾಸ್ ಮತ್ತು ಪಟ್ಟಿ ನಾನು ಹಾಕಿಸಿದ್ದು. ಸರ್ವಿಸ್ ಆಗಿದೆ."

ಇದರಲ್ಲಿ ನೋಡಿ ತಿಳಿದದ್ದು, ಕೇಳಿ ತಿಳಿದದ್ದು, ಊಹಿಸಿದ್ದು ಮೂರೂ ಬೇರೆ ಬೇರೆ ಕಾಣುತ್ತವೆ. ಓದಿದವರು "ಆ ಮುಳ್ಳು ಸೋನಾದ್ದು ಇರಬೇಕು, ನನ್ನ ಹತ್ತಿರ ಜನತಾದ್ದು ಇದೆ" ಅಂತ ಮುಂದೆ ಬರಲು ದಾರಿ ಆಗುತ್ತದೆ. ರೀಡಯಲ್ ಆಗಿದ್ದರೆ ಮೊದಲ ಸಾಲಿನಲ್ಲೇ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಪ್ಪನ ವಾಚಿನ ಡಯಲ್ ಎಂದೋ ಬಣ್ಣ ಕಂಡಿದ್ದರೂ ಅದು ಅಪ್ಪನ ವಾಚೇ ಅಲ್ವಾ? ಆದರೆ ಅದನ್ನು ಮೂಲದ್ದು ಅಂತ ಹೇಳಿ ಹಂಚಿದರೆ, ನಾಳೆ ಇನ್ನೊಬ್ಬ ಹೊಸಬ ಅದೇ ಫೋಟೋ ನೋಡಿ ದುಡ್ಡು ಕಳೆದುಕೊಳ್ಳುತ್ತಾನೆ.

ಬೇರೆಯವರ ಹೆಸರು ಕೆತ್ತಿದ ವಾಚ್ ಪೇಟೆಯಲ್ಲಿ ಸಿಕ್ಕಿದ್ದರೆ ಫೋಟೋದಲ್ಲಿ ಹೆಸರಿನ ಭಾಗ ಮಸುಕು ಮಾಡಿ. ಸಂಸ್ಥೆ, ಇಸವಿ ಕಾಣಲಿ. ಅವರ ಮನೆಯವರು ಗುರುತು ಹಿಡಿದು ಕೇಳಿದರೆ ಅವರಿಗೇ ಕೊಡುವ ಬಗ್ಗೆ ಯೋಚಿಸಿ. ರಸೀದಿಯಲ್ಲಿ ವಿಳಾಸ ಇದ್ದರೆ ಅದನ್ನೂ ಮುಚ್ಚಿ.

ಹೆಜ್ಜೆ 9: ಇಡುವುದು

ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ತೇವ ಒಳಗೇ ನಿಲ್ಲುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪೊಟ್ಟಣಗಳನ್ನು ಆಗಾಗ ಬದಲಿಸಿ. ನುಸಿಗುಳಿಗೆ ಹತ್ತಿರ ಬೇಡ. ಕ್ವಾರ್ಟ್ಜ್ ವಾಚುಗಳಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಮಷೀನ್ ಹಾಳು. ಕೀ ಕೊಡುವ ವಾಚುಗಳನ್ನು ತಿಂಗಳಿಗೊಮ್ಮೆಯಾದರೂ ಓಡಿಸಿ.

ಪ್ರತಿ ವಾಚಿಗೂ ಒಂದು ಸಣ್ಣ ಚೀಟಿ ಬರೆದು ಅದೇ ಡಬ್ಬಿಯಲ್ಲಿಡಿ. ಯಾರದು, ಎಲ್ಲಿಂದ ಬಂತು, ಏನು ಬದಲಾಯಿತು, ಯಾವಾಗ ಸರ್ವಿಸ್ ಆಯಿತು. ಫೋನು ಬದಲಾದಾಗ ಫೋಟೋಗಳು ಕಳೆದುಹೋಗಬಹುದು, ಡಬ್ಬಿಯ ಚೀಟಿ ವಾಚಿನ ಜೊತೆಗೇ ಹೋಗುತ್ತದೆ. ಯಾರಾದರೂ ಹೊಸ ಮಾಹಿತಿ ಕೊಟ್ಟಾಗ ಆ ಚೀಟಿಗೂ ಸೇರಿಸಿ, ಮೊದಲು ಹಂಚಿಕೊಂಡ ಬರಹದಲ್ಲೂ ತಿದ್ದಿ.